ಹಾವಗೆಪ್ಪನ ಬಿತ್ತನೆ ಕಡಲೆ

ಔರಾದದ ಬಸ್ ನಿಲ್ದಾಣದಲ್ಲಿ ಗ್ರಾಮಸೇವಕ ಎದುರಾಗದೆ ಹೋಗಿದ್ದರೆ ಗುಂಡಮ್ಮ ಅಂದು ಭಾಲ್ಕಿಯ ಬಸ್ಸು ಹತ್ತಿ, ಸಂಜೆಯ ರೈಲಿಗೆ ಮಗಳ ಸಂಸಾರದ ಜೊತೆ ಪುಣೆಯ ಕಡೆ ಹೊರಟುಹೋಗುತ್ತಿದ್ದಳು. ಅದು ಎಪ್ಪತ್ತೆರಡರ ಬರ. ಎಕಂಬಾದ ಬಾವಿಗಳು ಬತ್ತಿ ಅರ್ಧ ಊರು ಬಾಗಿಲಿಗೆ ಕೀಲಿ ಹಾಕಿಕೊಂಡು ಹೋಗಿತ್ತು. ಗುಂಡಮ್ಮನೂ ಆ ಬೆಳಿಗ್ಗೆ ಕೀಲಿ ಹಾಕಿ ಬಂದಿದ್ದಳು. ಗಂಡ ಹಾವಗೆಪ್ಪ ಮೂರು ದಿನದ ಜ್ವರದಲ್ಲಿ ಲಿಂಗೈಕ್ಯನಾಗಿ ಇನ್ನೂ ತಿಂಗಳು ತುಂಬಿರಲಿಲ್ಲ.

ಗ್ರಾಮಸೇವಕ ಸತ್ತವನ ಒಳ್ಳೆಯತನ ನೆನೆದು ಎರಡು ಮಾತಾಡಿದ. ಆಮೇಲೆ ಸುಮ್ಮನೆ ಕೇಳುವವನಂತೆ ಕೇಳಿದ: "ಅಕ್ಕಾರ, ಆ ಬಿತ್ತನಿ ಕಡ್ಲಿ ಏನ ಮಾಡಿದ್ರಿ? ಅದಕ್ಕ ಹಚ್ಚೋ ಔಷಧದ ಪುಡಿ ನಾನೇ ಕೊಟ್ಟಿದ್ದೆ. ಹುಳಾ ಹತ್ತಬಾರದಂತ ಹೇಳಿ ಪಾಪ, ನಿಮ್ಮ ಯಜಮಾನ್ರು ತಾವೇ ಕೂತು ಹಚ್ಚಿದ್ರು. ಯಾರೂ ತಿನ್ನಂಗಿಲ್ರಿ ಮತ್ತ ಅದನ್ನ. ವಿಷ ಅದ."

ಗುಂಡಮ್ಮನ ಕೈಯಲ್ಲಿದ್ದ ಗಂಟು ಜಾರಿ ಬಿತ್ತು.

ಚೀಲದ ಬಾಯಿ ಬಿಚ್ಚಿದಾಗ ಬಿಳಿ ಪುಡಿ ಅವಳೂ ಕಂಡಿದ್ದಳು. ಬೂದಿ ಎಂದುಕೊಂಡಿದ್ದಳು. ಆ ಸೀಮೆಯಲ್ಲಿ ಕಾಳಿಗೆ ಬೂದಿ ಹಚ್ಚಿಡದ ಮನೆ ಯಾವುದು? ಹಾವಗೆಪ್ಪ ಹಾಸಿಗೆ ಹಿಡಿದಾಗ "ಆ ಚೀಲ ಮುಟ್ಟಬ್ಯಾಡ" ಎಂದದ್ದೂ ಹೌದು. ಬಿತ್ತನೆಯ ಕಾಳನ್ನು ಮುಟ್ಟಬೇಡವೆಂದು ಅವನು ಪ್ರತಿ ವರ್ಷ ಹೇಳುವವನೇ. ಅವನ ಅಪ್ಪನೂ ಹೇಳುತ್ತಿದ್ದ. ಈ ಸಲದ ಮಾತು ಬೇರೆ ಎಂದು ಅವಳಿಗೆ ಹೇಗೆ ತಿಳಿಯಬೇಕು? ಮಣ್ಣು ಕಾಣದ ಬೀಜ ಯಾರದಾದರೂ ಹೊಟ್ಟೆಯನ್ನಾದರೂ ಕಾಣಲಿ ಎಂದು, ತೊಳೆಯಲು ನೀರಿಲ್ಲದೆ ಹಾಗೆಯೇ ಬಾಯಿ ಹೊಲಿದು, ನಿನ್ನೆಯ ಮುಂಜಾನೆಯ ಬಸ್ಸಿಗೆ ಪಂಢರಿಯ ಕೈಯಲ್ಲಿ ಮಾರಲು ಬೀದರಿಗೆ ಕಳಿಸಿಬಿಟ್ಟಿದ್ದಳು. ಪಂಢರಿ ಅವಳ ಊರವನೇ. ಅಲ್ಲಿನ ಕಾಳಿನ ಪೇಟೆ ಗಾಂಧಿ ಗಂಜಿನಲ್ಲಿ ಹಮಾಲಿ ಮಾಡುತ್ತಿದ್ದ.

"ಭಾಲ್ಕಿಗಿ ಹೊಂಟೀರಲ್ಲ, ನನ್ನ ಮಗಳು ಶಾಂತಾಬಾಯಿಗಿ ಒಂದ ಮಾತ ಮುಟ್ಟಸ್ರಿ," ಎಂದು ಗ್ರಾಮಸೇವಕನಿಗೆ ಹೇಳಿ ಅವಳು ಬೀದರಿನ ಬಸ್ಸು ಹತ್ತಿದಳು. ಯಾವ ಮಾತು ಎಂದು ಅವನು ಕೇಳುವಷ್ಟರಲ್ಲಿ ಬಸ್ಸು ಹೊರಟಿತ್ತು.

ದಾರಿಯುದ್ದಕ್ಕೂ ಅವಳು ಎದೆಯ ಮೇಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಳು. ಮಂತ್ರ ನಾಲಿಗೆಗೆ ಬರಲಿಲ್ಲ. ಹಾವಗೆಪ್ಪ ಇರುವೆಯ ಸಾಲು ಕಂಡರೆ ಕುಂಟೆ ನಿಲ್ಲಿಸುತ್ತಿದ್ದವನು. ಅಂಥವನ ಕೈ ಮುಟ್ಟಿದ ಕಾಳು ತಿಂದು ಯಾರಾದರೂ ಸತ್ತರೆ, ಸತ್ತವನ ಹೆಸರಿಗೆ ಕೊಲೆ ಅಂಟುತ್ತದೆ. ಅಂಟಿಸಿದವಳು ತಾನು.

ಗಂಜಿನಲ್ಲಿ ಲಾರಿಯ ನೆರಳಿಗೆ ಕುಳಿತು ಬೀಡಿ ಸೇದುತ್ತಿದ್ದ ಪಂಢರಿ ಅವಳನ್ನು ಕಂಡು ನಕ್ಕ. "ಏನ ಕಾಕಿ, ಪುಣೆ ಇಲ್ಲೇ ಬಂತೇನು?"

ಅವಳು ಹೇಳಿದಳು. ಬೀಡಿ ಅವನ ಬೆರಳು ಸುಟ್ಟಿತು, ಅವನಿಗೆ ಗೊತ್ತಾಗಲಿಲ್ಲ.

"ಮೂರು ಕಡಿ ಹಂಚಿ ಕೊಟ್ಟೇನಿ ಕಾಕಿ. ಬಸ್‌ಸ್ಟ್ಯಾಂಡಿನ ಕಾಶೀರಾಮಗ ಉಸಳಿಗಿ. ಚೌಬಾರಾದ ಹತ್ರ ಅಬ್ದುಲ ಖಾದರನ ಪುಟಾಣಿ ಭಟ್ಟಿಗಿ. ಉಳದದ್ದು ಶಾಗಂಜದ ವೈಜಿನಾಥ ಶೇಠಗ, ಲಾಡೂದ ಹಿಟ್ಟಿಗಿ. ನಡಿ, ಜಲ್ದಿ ನಡಿ."

ಗುಂಡಮ್ಮ ಹುಟ್ಟಿದಾರಭ್ಯ ಹೋಟೆಲಿನಲ್ಲಿ ನೀರೂ ಮುಟ್ಟಿದವಳಲ್ಲ. ಬೀದರಿಗೆ ಬಂದಾಗಲೆಲ್ಲ ಬುತ್ತಿ ಬಿಚ್ಚಿ ಮರದ ಕೆಳಗೆ ಉಂಡು ಹೋದವಳು. ಈಗ ಪಂಢರಿಯ ಹಿಂದೆ ಓಡುತ್ತ, ಊರಿನಲ್ಲಿ ಇಷ್ಟು ತಿನ್ನುವ ಜಾಗಗಳಿವೆಯೇ ಎಂದು ಬೆದರಿದಳು. ಒಂದು ಕಡೆ ಮೆಣಸಿನಕಾಯಿ ಭಜಿ ಕೊತಕೊತ ಕುದಿಯುವ ಎಣ್ಣೆಯಲ್ಲಿ ಉಬ್ಬುತ್ತಿತ್ತು. ಅದರ ಪಕ್ಕದಲ್ಲಿ ಜಿಲೇಬಿಯ ಸುರುಳಿಗಳು ಪಾಕದಲ್ಲಿ ಮುಳುಗಿ ಏಳುತ್ತಿದ್ದವು. ಇರಾಣಿ ಚಹಾದ ಹೋಟೆಲಿನಲ್ಲಿ ಜನ ಬಸಿಗೆ ಚಹಾ ಸುರಿದುಕೊಂಡು ಬಿಸ್ಕೀಟು ಅದ್ದುತ್ತಿದ್ದರು. ಖೀಮಾ ತುಂಬಿದ ಲುಕ್ಮಿಯ ತಾಟು ಹೊತ್ತವನೊಬ್ಬ "ಬಾಜೂ, ಬಾಜೂ" ಎಂದು ದಾರಿ ಬಿಡಿಸಿಕೊಂಡು ಹೋದ. ಖೋವಾ ಹುರಿಯುವ ವಾಸನೆ, ಹಸಿ ಕೊತ್ತಂಬರಿಯ ವಾಸನೆ, ಮಸಾಲೆಯ ಹೊಗೆ. ಅಂಗಡಿ ಮುಂದೆ ತಿನ್ನುವವರೆಷ್ಟೋ, ತಿನ್ನುವವರ ಬಾಯಿ ನೋಡುತ್ತ ನಿಂತ ಹಳ್ಳಿಯ ಜನವೂ ಅಷ್ಟೇ. ಬೇರೆ ದಿನವಾಗಿದ್ದರೆ ಅವಳಿಗೆ ಇದೊಂದು ಜಾತ್ರೆಯಂತೆ ಕಾಣುತ್ತಿತ್ತು. ಈ ದಿನ ಅವಳಿಗೆ ಕಂಡದ್ದು ಬಾಯಿಗಳು ಮಾತ್ರ. ತೆರೆದ ಬಾಯಿ, ಅಗಿಯುವ ಬಾಯಿ, ಇನ್ನಷ್ಟು ಬೇಕೆನ್ನುವ ಬಾಯಿ. ಯಾವ ಬಾಯಿಗೆ ಯಾವ ತುತ್ತು ಹೋಗುತ್ತಿದೆಯೋ ಶಿವನೇ ಬಲ್ಲ.

ಕಾಶೀರಾಮನ ಹೋಟೆಲಿನಲ್ಲಿ ಕಡಲೆಕಾಳಿನ ಉಸಳಿಯ ಪಾತೇಲಿಯಿಂದ ಉಗಿ ಏಳುತ್ತಿತ್ತು. ನಾಲ್ಕು ಜನ ಕುಳಿತು ಉಣ್ಣುತ್ತಿದ್ದರು. ಗುಂಡಮ್ಮ ಬಾಗಿಲಲ್ಲೇ "ತಿನ್ನಬ್ಯಾಡ್ರೋ!" ಎಂದು ಕೂಗಿಬಿಟ್ಟಳು. ನಾಲ್ವರೂ ತುತ್ತು ಕೈಯಲ್ಲೇ ಹಿಡಿದು ತಿರುಗಿ ನೋಡಿದರು.

"ಯಾರದಾಳ ಈಕಿ? ನನ್ನ ದುಕಾನ ಮುಚ್ಚಿಸ್ಲಾಕ ಬಂದಾಳೇನು?" ಎಂದು ಕಾಶೀರಾಮ ಹುಟ್ಟು ಹಿಡಿದೇ ಎದ್ದು ಬಂದ. ಪಂಢರಿ ಅವನನ್ನು ಮೂಲೆಗೆ ಕರೆದು ಕಿವಿಯಲ್ಲಿ ಹೇಳಿದ. ಕಾಶೀರಾಮ ಇಬ್ಬರನ್ನೂ ಹಿಂದಿನ ಅಂಗಳಕ್ಕೆ ಕರೆದೊಯ್ದು ಹಂಡೆಯ ಮುಚ್ಚಳ ತೆಗೆದ. ಕಡಲೆ ನೆನೆದು ಉಬ್ಬಿತ್ತು. ಮೇಲೆ ಬಿಳಿ ನೊರೆ ಕಟ್ಟಿತ್ತು.

"ಒಲಿ ಮ್ಯಾಲಿಂದು ಹಳೀ ಕಡ್ಲಿದು. ಇದು ನಾಳಿಗಿ ಅಂತ ಇವತ್ತ ಮುಂಜಾನಿ ನೆನಿ ಹಾಕಿದ್ದು. ನೀರು ಹಾಲಿನಂಗ ಆಗಿತ್ತು, ಬೂದಿ ಅಂತ ತಿಳಕೊಂಡೆ." ಅವನ ದನಿ ಇಳಿದಿತ್ತು. "ನನ್ನ ಮಕ್ಕಳಿಗಿ ಇದರಾಗಿಂದೇ ನೆನದ ಕಡ್ಲಿ ಕೊಡ್ತಾಳ್ರಿ ನಮ್ಮಾಕಿ, ದಿನಾ ಸಂಜಿಗಿ."

ತಗ್ಗು ತೋಡಿ ಹಂಡೆ ಬೋರಲು ಹಾಕಿದರು. ಒಂದು ಆಯಿತು.

ಅಬ್ದುಲ ಖಾದರನ ಭಟ್ಟಿಯಲ್ಲಿ ಕಾದ ಮರಳಿನೊಳಗೆ ಕಡಲೆ ಪಟಪಟ ಸಿಡಿಯುತ್ತಿತ್ತು. ಗಡ್ಡಕ್ಕೆಲ್ಲ ಹೊಟ್ಟು ಹತ್ತಿದ ಮುದುಕ. ಮಾತು ಕೇಳಿ ನಂಬಲಿಲ್ಲ. "ನಲವತ್ತ ವರ್ಷ ಆಯ್ತು ಅಮ್ಮಾ ಕಡ್ಲಿ ಹುರಿಲಾಕ. ವಿಷ ಇದ್ದ ಕಡ್ಲಿ ಇನ್ನಾ ನೋಡಿಲ್ಲ. ಯಾರರೆ ಬ್ಯಾರೆ ಭಟ್ಟಿಯವ ಕಳಿಸ್ಯಾನೇನು ನಿನಗ?" ಎಂದು, ಪಂಢರಿ ತಂದ ಕಾಳನ್ನೆಲ್ಲ ಬೆಳಿಗ್ಗೆ ಒಂದು ಸಲ ಹುರಿದು ಆರಲು ಹಾಕಿದ್ದ ರಾಶಿಯಿಂದ ಹಿಡಿ ತೆಗೆದ. "ತಡಿ, ಆ ಕಬೂತರಗಳಿಗಿ ಹಾಕಿ ನೋಡೂಣು. ಖರೇ ಏನದ ಗೊತ್ತಾಗ್ತದ."

ಗುಂಡಮ್ಮ ಅವನ ಮುಂಗೈ ಹಿಡಿದಳು. ಪರಪುರುಷನ ಕೈ ಎಂಬುದೂ ಆಗ ಅವಳಿಗೆ ಹೊಳೆಯಲಿಲ್ಲ. "ಬ್ಯಾಡ್ರಿ ಅಜ್ಜಾ. ಪಾರಿವಾಳ ಏನ ಪಾಪ ಮಾಡ್ಯಾವ? ನಂಬಲಿಲ್ಲಂದ್ರ ನನಗ ತಿನ್ನಸ್ರಿ."

ಖಾದರ ಅವಳ ಮುಖವನ್ನೇ ನೋಡಿದ. ಕೈಯಲ್ಲಿದ್ದುದನ್ನು ಒಂದು ಕಾಳೂ ಬೀಳದಂತೆ ರಾಶಿಗೆ ಮರಳಿ ಹಾಕಿ, ರಾಶಿಯನ್ನೆಲ್ಲ ಭಟ್ಟಿಯ ಬೆಂಕಿಗೆ ಸುರಿದ. ಕಣ್ಣಿಗೆ ಇರಿಯುವ ಹೊಗೆ ಎದ್ದಿತು. "ದೂರ ನಿಂದ್ರು ಅಮ್ಮಾ," ಎಂದ. "ಈ ವಾಸ್ನಿ ಕಡ್ಲೀದು ಅಲ್ಲ."

ಶಾಗಂಜದ ಮಿಠಾಯಿ ಅಂಗಡಿ ದೊಡ್ಡದು. ಗಾಜಿನ ಕಪಾಟಿನಲ್ಲಿ ಬರ್ಫಿ, ಪೇಡೆ, ಗುಲಾಬಿ ಬಣ್ಣದ ಚಮಚಮ, ಗೋಪುರದಂತೆ ಕಟ್ಟಿಟ್ಟ ಲಾಡು. ಬರದ ವರ್ಷವೆಂಬುದು ಆ ಕಪಾಟಿಗೆ ಗೊತ್ತಿರಲಿಲ್ಲ. ಲಾಡುವಿನ ಗೋಪುರ ಕಂಡ ಗುಂಡಮ್ಮ ಒಳಗೆ ಕಾಲಿಡಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು.

ವೈಜಿನಾಥ ಶೇಠ ತಕ್ಕಡಿಯಿಂದ ಕಣ್ಣೆತ್ತದೆಯೇ ಪಂಢರಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. "ನಿಮ್ಮ ಚೀಲ ಇನ್ನಾ ಬಿಚ್ಚಿಲ್ಲವ್ವಾ. ತಿರಗಿ ಒಯ್ಯರಿ ಅಂತ ಇಟ್ಟೇನಿ," ಎಂದ. ಆಮೇಲೆ ಪಂಢರಿಯ ಕಡೆ ತಿರುಗಿದ. "ಮಗನ, ಹೇಳಿದ ತೂಕ ಎಲ್ಲಿ, ತಂದ ತೂಕ ಎಲ್ಲಿ? ಎರಡ ಸೇರು ಕಮ್ಮಿ. ಬುಡಕ ಬೊಗಸಿ ಹೋಗೋ ಅಂಥಾ ತೂತು. ಅರ್ಧಾ ದಾರಿಗಿ ಉಣಿಸಿ ಬಂದೀ ಏನು?"

ಚೀಲ ಸಿಕ್ಕಿತೆಂಬ ಸಮಾಧಾನದಲ್ಲಿ ಗುಂಡಮ್ಮ ಮೆಟ್ಟಿಲಿನಿಂದ ಎದ್ದಳು. ಪಂಢರಿಯ ಮುಖ ಕಪ್ಪಿಟ್ಟಿತ್ತು.

"ದಾರಿಯಾಗ ಅಲ್ಲ ಕಾಕಿ. ಗಂಜಿನಾಗ ಸೋರ್ಯದ. ಇಳಿಸಿಟ್ಟು ಪಾಲು ಮಾಡಿದ್ದು ಅಲ್ಲೇ."

ಗಂಜಿನಲ್ಲಿ ಉದುರಿದ ಕಾಳು ನೆಲದ ಮೇಲೆ ಉಳಿಯುವುದಿಲ್ಲ. ಲಾರಿ ಸರಿದ ಕೂಡಲೇ ಬರದ ಹೆಂಗಸರು ಕಸಬರಿಗೆ ಹಿಡಿದು ಬರುತ್ತಾರೆ. ಮಣ್ಣು ಸಹಿತ ಉಡುಗಿ, ಮೊರದಲ್ಲಿ ಕೇರಿ, ಉಡಿಯಲ್ಲಿ ಕಟ್ಟುತ್ತಾರೆ. ಅಡತಿಯ ವ್ಯಾಪಾರಿಗಳು ಕಂಡರೂ ಕಾಣದವರಂತೆ ಇರುತ್ತಾರೆ. ಮನಸ್ಸು ಕೆಟ್ಟ ದಿನ ಓಡಿಸುತ್ತಾರೆ. ದೊಡ್ಡ ದುಕಾನುಗಳನ್ನೆಲ್ಲ ಹುಡುಕಿದ ಇಬ್ಬರಿಗೂ ಆ ಹೆಂಗಸರ ಗಡಿಗೆ ನೆನಪಾಗಿರಲಿಲ್ಲ.

ಚೀಲ ಹೂಳಿಸಲು ಶೇಠನಿಗೆ ಹೇಳಿ ಅವರು ಗಂಜಿಗೆ ಮರಳಿ ಬಂದಾಗ, ಗೋಡೆಗುಂಟ ಆ ಹೆಂಗಸರು ಹೂಡಿದ್ದ ಒಲೆಗಳ ಸಾಲಿನ ಕೊನೆಯಲ್ಲಿ ಗಂಗುಬಾಯಿ ಎಂಬವಳು ಮುದುಡಿ ಬಿದ್ದಿದ್ದಳು. ಬೆಳಗಿನಿಂದ ವಾಂತಿ ಎಂದರು. ಕೈಗಳು ನಡುಗುತ್ತಿದ್ದವು, ಕಣ್ಣು ಮೇಲಾಗಿತ್ತು. ಪಕ್ಕದ ಗಡಿಗೆಯ ತಳದಲ್ಲಿ ಬೆಂದ ಕಡಲೆ ನಾಲ್ಕು ಕಾಳು ಅಂಟಿಕೊಂಡಿದ್ದವು.

"ಮತ್ಯಾರಿಗರೆ ಸಿಕ್ಕದ ಏನ್ರವ್ವಾ ಇದು?" ಎಂದು ಗುಂಡಮ್ಮ ಸುತ್ತ ನಿಂತವರನ್ನು ಕೇಳಿದಳು. ಹೆಂಗಸರು ಪಂಢರಿಯ ಹಮಾಲಿ ಬಿಲ್ಲೆಯನ್ನು ನೋಡಿದರು. ಯಾರೂ ಬಾಯಿ ಬಿಡಲಿಲ್ಲ.

ಬೇರೆ ಯಾರಿಗೂ ಸಿಕ್ಕಿಲ್ಲವೆಂದುಕೊಂಡು, ಹೆಚ್ಚೇನೂ ಹೇಳದೆ ಗಂಗುಬಾಯಿಯನ್ನು ಕೈಗಾಡಿಯ ಮೇಲೆ ಮಲಗಿಸಿ ಸರ್ಕಾರಿ ದವಾಖಾನೆಗೆ ಒಯ್ದರು. ಡಾಕ್ಟರು ಹೊಟ್ಟೆ ತೊಳೆದರು. ಏನು ತಿಂದದ್ದು ಎಂದು ಕೇಳಿದಾಗ ಗುಂಡಮ್ಮ ಮುಚ್ಚಿಡದೆ ಹೇಳಿದಳು. "ಬೆಳಗಿನ ತನಕ ನೋಡ್ಬೇಕು" ಎಂದಷ್ಟೇ ಅವರು ಹೇಳಿದರು.

ಹೊತ್ತು ಮುಳುಗುವಾಗ ಪಂಢರಿ ದವಾಖಾನೆಯ ಜಗುಲಿಗೆ ಬಂದು ಕುಕ್ಕರುಗಾಲಿನಲ್ಲಿ ಕುಳಿತ. "ಕಾಕಿ, ಶಾಂತಕ್ಕ ಭಾಲ್ಕಿಯಾಗ ಹತ್ತೋ ರೈಲು ಈ ಊರ ಮ್ಯಾಲಿಂದೇ ಹೋಗ್ತದ. ಇಲ್ಲೇ ಹತ್ತು. ನಾ ಇರ್ತೇನಿ ಈಕಿ ಹತ್ರ. ನೀ ಕೂತು ಏನ ಮಾಡ್ತಿ? ಆಗೋದು ಆಗ್ತದ."

ಹೌದೆನಿಸಿತು. ಹೋಗಿಬಿಟ್ಟರೆ ಯಾರಿಗೂ ಅವಳ ಗುರುತಿಲ್ಲ. ಈ ಹೆಂಗಸು ಬದುಕಿದಳೋ ಸತ್ತಳೋ ಪುಣೆಯವರೆಗೆ ಸುದ್ದಿ ಬರುವುದಿಲ್ಲ. ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಗುಂಡಮ್ಮನಿಗೆ ತನ್ನ ಮೇಲೆಯೇ ಅಂಜಿಕೆಯಾಯಿತು. ರೈಲು ಕೂಗಿದಾಗ ಎರಡೂ ಕೈಯಿಂದ ಜಗುಲಿಯ ಕಂಬ ಹಿಡಿದುಕೊಂಡಳು. ಕೂಗು ಭಾಲ್ಕಿಯ ದಿಕ್ಕಿಗೆ ದೂರವಾಯಿತು.

ಬೆಳಕು ಹರಿಯುವಾಗ ಗಂಗುಬಾಯಿ ಕಣ್ಣು ಬಿಟ್ಟು ನೀರು ಕೇಳಿದಳು. ಕುಡಿಸಿದವಳನ್ನು ದಿಟ್ಟಿಸಿ, "ನೀ ಯಾರವ್ವಾ? ನಮ್ಮ ಸಾಲಿನಾಕಿ ಅಲ್ಲ," ಎಂದಳು.

"ಆ ಕಡ್ಲಿ ನಂದವ್ವಾ," ಎಂದಳು ಗುಂಡಮ್ಮ. "ನನ್ನ ಗಂಡ ಬಿತ್ತಲಾಕ ಔಷಧ ಹಚ್ಚಿ ಇಟ್ಟಿದ್ರು. ನನಗ ಗೊತ್ತಿಲ್ಲದ ಮಾರಿದೆ."

ಗಂಗುಬಾಯಿ ಮೊಣಕೈ ಊರಿ ಏಳಲು ನೋಡಿದಳು. "ಉಡಿ ತುಂಬ ಸಿಕ್ಕಿತ್ತು. ನಾಕ ಮಂದಿಗಿ ಬೊಗಸಿ ಬೊಗಸಿ ಹಂಚೇನಿ. ಹೇಳ್ಯಾರಾ ಅವ್ರು?"

"ಇಲ್ಲ."

"ಹೇಳಂಗಿಲ್ಲ. ಹಮಾಲ ಕಸಗೋತಾನಂತ ಅಂಜ್ಯಾರ. ಓಡು!"

ಗುಂಡಮ್ಮ ಓಡಿದಳು. ಐವತ್ತೈದು ದಾಟಿದ ಕಾಲು, ಬರಿಗಾಲು. ಚಹಾದ ಅಂಗಡಿಗಳು ಬಾಗಿಲು ತೆಗೆಯುತ್ತಿದ್ದವು. ಗಂಜಿನ ಗೋಡೆ ಕಾಣುವ ಮೊದಲೇ ಅದರ ಮೇಲಿನಿಂದ ಏಳುವ ಹೊಗೆ ಕಂಡಿತು. ನಾಲ್ಕು ಒಲೆ ಹೊತ್ತಿದ್ದವು.

"ತಿಂದೀರೇನು? ಯಾರರೆ ತಿಂದೀರೇನು?"

ಸಾಲಿನ ಹಿರಿಯಳಾದ ಜಿಜಾಬಾಯಿ ಊದುವುದನ್ನು ಬಿಟ್ಟು ಎದ್ದಳು. "ನಿನ್ನಿ ಕಟಗಿ ಸಿಗಲಿಲ್ಲ. ಈಗ ಕುದಿಲಾಕ ಹತ್ಯದ. ಯಾಕ, ನಿನಗೇನಾಗ್ಬೇಕು?"

ಗುಂಡಮ್ಮ ನಿನ್ನೆ ಹೇಳದೆ ಬಿಟ್ಟಿದ್ದನ್ನೆಲ್ಲ ಏದುಸಿರಿನಲ್ಲಿ ಹೇಳಿದಳು. ಕಾಳು ತನ್ನದೆಂದು, ವಿಷ ತನ್ನ ಮನೆಯದೆಂದು, ಗಂಗುಬಾಯಿ ಅದನ್ನು ತಿಂದೇ ಮಲಗಿದ್ದಾಳೆಂದು. ಜಿಜಾಬಾಯಿ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ನಿನ್ನ ಮಾತ ಕೇಳಿ ಚೆಲ್ತೇವಿ ಅನ್ನು. ಇವತ್ತ ಏನ ತಿನ್ನೂಣು? ನಿನ್ನ ಮಾರಿ?"

ಗೋಡೆಗೆ ಒರಗಿಸಿದ್ದ ಗಂಗುಬಾಯಿಯ ಕಸಬರಿಗೆ ಗುಂಡಮ್ಮನ ಕಣ್ಣಿಗೆ ಬಿತ್ತು. ಹೋಗಿ ಅದನ್ನು ಕೈಗೆ ತೆಗೆದುಕೊಂಡಳು. "ಇವತ್ತ ನಾ ಉಡಗ್ತೇನಿ. ಸಿಕ್ಕದ್ದೆಲ್ಲಾ ನಿಮ್ಮದು. ಒಂದ ಕಾಳೂ ನನಗ ಬ್ಯಾಡ."

ಜಿಜಾಬಾಯಿ ಸೆರಗಿನಿಂದ ಗಡಿಗೆ ಹಿಡಿದು ಗಟಾರಕ್ಕೆ ಬಗ್ಗಿಸಿದಳು. ಬೆಂದ ಕಾಳು ಹರಿದುಹೋಗುವುದನ್ನು ನೋಡಲಾರದೆ ಮುಖ ತಿರುಗಿಸಿದಳು. ಅವಳ ಹಿಂದೆ ಎರಡನೆಯ ಗಡಿಗೆ ಬಗ್ಗಿತು. ಮೂರನೆಯದೂ ಬಗ್ಗಿತು. ನಾಲ್ಕನೆಯ ಒಲೆಯ ಮುಂದಿದ್ದ ಬಸುರಿ ಶಾಲುಬಾಯಿ ಮಾತ್ರ ಗಡಿಗೆಯ ಬಾಯಿಗೆ ಕೈ ಅಡ್ಡ ಹಿಡಿದು ಕುಳಿತೇ ಇದ್ದಳು. ಉಗಿ ಅವಳ ಅಂಗೈ ಸುಡುತ್ತಿತ್ತು.

ಗುಂಡಮ್ಮ ಅವಳ ಎದುರಿಗೆ ನೆಲದ ಮೇಲೆ ಕುಳಿತಳು. ಕಸಿದುಕೊಳ್ಳಲಿಲ್ಲ. ಕಸಿದರೆ ಈ ಗಡಿಗೆಯೇನೋ ಚೆಲ್ಲಿಹೋದೀತು. ಆದರೆ ನಾಳೆ ಯಾರೂ ತನ್ನ ಮಾತು ಕೇಳಲಾರರು.

"ಇವತ್ತ ಉಡಗ್ತಿ," ಎಂದಳು ಶಾಲುಬಾಯಿ. "ನಾಳಿಗಿ?"

"ನಾಳಿಗೂ ಉಡಗ್ತೇನಿ."

"ಗಂಗವ್ವ ಎದ್ದು ಬರೋ ತನಕ?"

"ಆಕಿ ಎದ್ದು ಬಂದ ಮ್ಯಾಲೂ, ನೀ ಹಡದು ಏಳೋ ತನಕ."

ಶಾಲುಬಾಯಿ ಕೈ ತೆಗೆದಳು. ಗಂಜಿನ ಬಾಗಿಲಲ್ಲಿ ದಿನದ ಮೊದಲ ಲಾರಿ ಬಂದು ನಿಂತಿತು. ಹಮಾಲರು ಹಲಗೆ ಇಳಿಸಿದರು. ಗುಂಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಸಬರಿಗೆ ಹಿಡಿದು, ಮೊದಲ ಚೀಲ ನೆಲಕ್ಕೆ ಬೀಳುವುದನ್ನೇ ಕಾಯುತ್ತ ನಿಂತಳು.