ಸರಕಾರಕ್ಕೆ ಬಿಟ್ಟ ಟಗರು

ಬೀಳಗಿಯ ಗೋಪಾಲರಾಯರ ಫೋಟೊ ಸ್ಟುಡಿಯೊದಲ್ಲಿ ಮದುಮಕ್ಕಳ ಚಿತ್ರಗಳ ಪಕ್ಕಕ್ಕೆ ಆ ವರ್ಷ ಸೀಲ್ ಎಂಬ ಕಡಲಪ್ರಾಣಿಗಳು ಬಂದು ಕೂತವು. ರಾಯರ ತಮ್ಮ ವಿಶ್ವಾಸ ಯಾವುದೋ ಹಿಮದ ದ್ವೀಪಕ್ಕೆ ಹೋಗಿ ತೆಗೆದದ್ದು. ದೊಡ್ಡ ಪ್ರಿಂಟ್ ಹಾಕಿಸಿ ಅಣ್ಣನಿಗೆ ಕಳಿಸಿದ್ದ. ಮೈತುಂಬ ತುಪ್ಪಳ, ಉದ್ದ ಮೀಸೆ, ಕಲ್ಲುದಂಡೆಯ ಮೇಲೆ ಯಾರ ಹಂಗೂ ಇಲ್ಲದ ನಿದ್ದೆ. ಬಂದವರೆಲ್ಲ ನೋಡಿ ನಗುತ್ತಿದ್ದರು. ಕುರುಬರ ಹೊಳೆಪ್ಪ ಮಾತ್ರ ನಗಲಿಲ್ಲ.

ಅವನು ಬಂದದ್ದು ಮನೆ ಪ್ಲಾಟಿನ ಹಕ್ಕುಪತ್ರಕ್ಕೆ ಬೇಕಾದ ಫೋಟೊ ತೆಗೆಸಲು. ಊರು, ಕುರಿ ಮೇಯುವ ದಂಡೆ ಎರಡೂ ಆಲಮಟ್ಟಿಯ ಹಿನ್ನೀರಿಗೆ ಹೋಗಿದ್ದವು. ಗಂಡಹೆಂಡತಿ ತಗಡಿನ ಶೆಡ್ಡಿನಲ್ಲಿದ್ದರು. ಪುನರ್ವಸತಿ ಕಚೇರಿಯವರು ಹಕ್ಕುಪತ್ರ ಇವತ್ತು ನಾಳೆ ಎನ್ನುತ್ತಲೇ ಇದ್ದರು. ಮೇವಿಲ್ಲದೆ ಕುರಿಗಳನ್ನೆಲ್ಲ ಮಾರಿದ್ದ. ಉಳಿದದ್ದು ಬೀರಪ್ಪನಿಗೆ ಬಿಟ್ಟ ಟಗರು ಒಂದೇ. ಅವರ ಮನೆತನದಲ್ಲಿ ದೇವರಿಗೆ ಬಿಟ್ಟದ್ದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ತಾನಾಗಿ ಸಾಯುವ ತನಕ ಸಾಕಬೇಕು. ಅದೋ ಕಂಡವರ ಜೋಳಕ್ಕೆ ಬಾಯಿ ಹಾಕಿ ಕಲ್ಲೇಟು ತಿನ್ನುತ್ತಿತ್ತು. ಯಾರಾದರೂ ಕೊಂದೇಬಿಟ್ಟಾರೆಂದು ಹೊಳೆಪ್ಪನಿಗೆ ದಿಗಿಲು.

"ಇವನ್ನ ಯಾರೂ ಕೊಯ್ಯಂಗಿಲ್ಲೇನ್ರಿ?" ಚಿತ್ರ ನೋಡುತ್ತಾ ಕೇಳಿದ.

"ಹಿಂದಕ ತೊಗಲಿನ ಆಸೇಕ ಕೊಂದು ಕೊಂದು ಮುಗಿಸ್ಲಿಕ್ಕೆ ಬಂದಿದ್ರು," ಎಂದರು ರಾಯರು. "ಈಗ ಕಾಯ್ದೆ ಅದ. ಮುಟ್ಟಿದವ್ರು ಜೇಲಿಗೇ."

"ಯಾವ ದೇವರಿಗೆ ಬಿಟ್ಟಾರ್ರಿ?"

"ದೇವರಿಗಲ್ಲೋ ಮಾರಾಯಾ, ಸರಕಾರನ ಕಾಯ್ತದ."

ಹೊಳೆಪ್ಪನ ಮುಖ ಅರಳಿತು. ಪಾಪ, ಅವನ ಪಾಲಿಗೆ ಸರಕಾರವೆಂದರೆ ಎಲ್ಲೆಡೆಯೂ ಒಂದೇ. ಹೆಸರೂ ಕೇಳದ ಪ್ರಾಣಿಯನ್ನು ಕಾಯುವವರು ಬೀರಪ್ಪನ ಟಗರನ್ನು ಕೈಬಿಟ್ಟಾರೆಯೇ?

ಮರುದಿನ ಟಗರಿಗೆ ಮೈತೊಳೆದು, ಹಣೆಗೆ ಅರಿಶಿನದ ಭಂಡಾರ ಹಚ್ಚಿ, ತನ್ನ ಅರ್ಜಿ ಕೊಳೆಯುತ್ತಿದ್ದ ಕಚೇರಿಗೇ ಹೊಡೆದುಕೊಂಡು ಹೋದ. ಅಂಗಳದ ಬೇವಿನ ಮರಕ್ಕೆ ಕಟ್ಟಿದ.

"ಸರಕಾರಕ್ಕ ಬಿಟ್ಟೇನ್ರಿ, ನೀವ ನೋಡ್ಕೋರಿ," ಎಂದು ಜವಾನ ಬಸಗೊಂಡಪ್ಪನಿಗೆ ಕೈಮುಗಿದ.

"ನೋಡ್ಕೋತೀವಿ ಬಿಡಪಾ, ಚಿಂತಿ ಬ್ಯಾಡ."

ಬಸಗೊಂಡಪ್ಪ ನಕ್ಕ. ಜನ ಕಚೇರಿಗೆ ಹೀಗೆ 'ಬಿಟ್ಟು' ಹೋಗುವುದನ್ನು ಅವನು ನೌಕರಿಗೆ ಸೇರಿದಾಗಿನಿಂದ ನೋಡುತ್ತಿದ್ದ.

ಮಾರನೇ ದಿನ ಸೊಪ್ಪಿನ ಹೊರೆ ಹೊತ್ತು ಬಂದ ಹೊಳೆಪ್ಪನಿಗೆ ಬೇವಿನ ಬುಡದಲ್ಲಿ ಹಗ್ಗವಷ್ಟೇ ಕಂಡಿತು.

"ಟಗರು ಎಲ್ಲೈತ್ರಿ?"

"ನಿನ್ನೆನ ಊಟ ಆತಲ್ಲಪಾ! ಸಾಹೇಬ್ರು ಖುಷ್ ಆಗಿ ನಿನ್ನ ಹಕ್ಕುಪತ್ರಕ್ಕ ಸಹಿ ಒಗದಾರ, ತಗೋ. ಈ ಬುದ್ಧಿ ಮೊದಲ ಬಂದಿದ್ರ ಇಷ್ಟ ಅಡ್ಡಾಡೂದಿತ್ತೇನ?"

ಹೊಳೆಪ್ಪ ಹೊರೆ ಕೆಳಗಿಳಿಸಿದ. ಕಾಗದ ಹರಿದು ಬಸಗೊಂಡಪ್ಪನ ಮುಖಕ್ಕೆ ಒಗೆಯಬೇಕೆನಿಸಿತು. ತಗಡಿನ ಕೆಳಗೆ ಕೆಮ್ಮುತ್ತಾ ಮಲಗಿದ ಹೆಂಡತಿ ಸಿದ್ದಕ್ಕ ಕಣ್ಣಮುಂದೆ ಬಂದಳು. ಕೈಚಾಚಿ ಇಸಿದುಕೊಂಡ. ಅಷ್ಟು ನಾಚಿಕೆ ಅವನಿಗೆ ಜನ್ಮದಲ್ಲೇ ಆಗಿರಲಿಲ್ಲ.

ಮನೆ ಎದ್ದಿತು. ದೇವರ ಜಗುಲಿ ಎಲ್ಲಿ ಎಂದು ಗೌಂಡಿ ಕೇಳಿದಾಗ ಹೊಳೆಪ್ಪ ಬೇಡವೆಂದುಬಿಟ್ಟ. ಸಿದ್ದಕ್ಕನಿಗೆ ಸಿಟ್ಟು ಬಂತು.

"ಜಗಲಿ ಇಲ್ಲದ್ದು ಮನಿಯೇನ? ಬೀರಪ್ಪನ್ನ ಎಲ್ಲಿ ಕುಂಡ್ರಸ್ತಿ?"

"ಅಂವ ಬರಂಗಿಲ್ಲ ಬಿಡ," ಎಂದ ಹೊಳೆಪ್ಪ. "ಅವನ ಟಗರು ತಿನಿಸಿ ಕಟ್ಟಿದ ಮನಿ ಐತಿದು."