ದಂಡಿನ ಡೋಲು

"ಕೈನಾಗೆ ಜೀವ ಇಲ್ವೇನ್ಲಾ, ಬೇವರ್ಸಿ? ನಾಳೆ ಈ ಗುಡ್ಡ ಅದುರ್ಬೇಕು. ಗುಂಡು ತಿನ್ನೋ ಆ ಗಾಡಿಯೋನ ಬಾಯಿಂದ ಬಂದಿದ್ದು ಯಾವನ ಕಿವಿಗೂ ಬೀಳ್ಕೂಡ್ದು" ಎಂದು ಮೇಜರ್ ಕಾರಾಬೊಯೆವ್ ಡೋಲನ್ನು ಬೂಟುಗಾಲಿನಿಂದ ಒದ್ದ. ಅದು ಉರುಳಿಕೊಂಡು ಹೋಗಿ ಬಂಡೆಗೆ ತಾಗಿ ನಿಂತಿತು. ದೆಮಿರ್ ಓಡಿಹೋಗಿ ಎತ್ತಿಕೊಂಡು ಚರ್ಮ ಹರಿದಿದೆಯೇ ಎಂದು ಸವರಿ ನೋಡಿದ.

ದಂಡಿನ ವಾದ್ಯದವರಲ್ಲಿ ಜ್ವರಕ್ಕೆ ಸಿಕ್ಕದೆ ಉಳಿದವನು ಇವನೊಬ್ಬನೇ. ಸ್ಲಿವೆನ್ ಊರಾಚೆಯ ಜಿಪ್ಸಿಗಳ ಕೇರಿಯವನು. ಮದುವೆಗೆ ಡೋಲು ಬಾರಿಸಲು ಕರೆದವರೇ ಊಟ ಮಾತ್ರ ಕೊಟ್ಟಿಗೆಯಲ್ಲಿ ಹಾಕುತ್ತಿದ್ದರು. ಬಲ್ಗೇರಿಯದ ದೊರೆಯ ದಂಡಿಗೆ ಸೇರಿ ಮ್ಯಾಸಿಡೋನಿಯದ ಈ ಬೋಳುಗುಡ್ಡಕ್ಕೆ ಬಂದರೂ ಅಷ್ಟೇ, ಎಲ್ಲರೂ ಉಂಡು ಎದ್ದ ಮೇಲೆ ಹಂಡೆಯ ತಳ ಕೆರೆದುಕೊಳ್ಳುವುದು ಇವನ ಪಾಲಿಗೆ. ಹೆಣ ಹೊರುವುದು, ಗುಂಡಿ ತೋಡುವುದೂ ಇವನದೇ. ಅವತ್ತಿನ ಗುಂಡಿ ಗ್ರೊಜ್ದಾನನಿಗೆ.

ಗ್ರೊಜ್ದಾನ್ ಡಾನ್ಯೂಬ್ ಬಯಲಿನ ರೈತ, ದಂಡಿನಲ್ಲಿ ಗಾಡಿ ಹೊಡೆಯುವವನು. ಆಳು ಸಾಲದೆ ಅವನ ಕೈಗೂ ಬಂದೂಕು ಕೊಟ್ಟಿದ್ದರು. ಜೋಡಿಲ್ಲದೆ ಕಾಲಿಗೆ ಗೋಣಿ ಸುತ್ತಿಕೊಂಡವರಿಗೆ ಮುಂದೆ ನುಗ್ಗಿ ಎಂದಾಗ ಅವನು ಕೂತಲ್ಲಿಂದ ಏಳಲಿಲ್ಲ; ಮೊದಲು ಜೋಡು ಕೊಡಿ, ರೊಟ್ಟಿ ಕೊಡಿ ಎಂದ. ಅವನನ್ನು ನೋಡಿ ಇನ್ನೂ ಹಲವರು ಕೂತರು. ಮಾರನೆಯ ದಿನ ಜನರಲ್ ಝ್ಲಾತಾನೊವ್ ಊಟಕ್ಕೆ ಏಳುವ ಮೊದಲೇ ವಿಚಾರಣೆ ಮುಗಿದು, ಗುಂಡಿಟ್ಟು ಕೊಲ್ಲುವ ಶಿಕ್ಷೆಯೂ ಆಗಿಹೋಯಿತು.

ಸಂಜೆಯ ಬಿಸಿಲಿನಲ್ಲಿ ದೆಮಿರ್ ಗುಂಡಿ ತೋಡುತ್ತಿದ್ದರೆ, ಗ್ರೊಜ್ದಾನ್ ಕೈಕಟ್ಟಿಸಿಕೊಂಡು ಗಾಡಿಯ ಗಾಲಿಗೆ ಒರಗಿ ಕೂತಿದ್ದ. ಕಾವಲಿನವನು ತೂಕಡಿಸುತ್ತಿದ್ದ. ಇಬ್ಬರೂ ಗೆಳೆಯರೇನಲ್ಲ. ಹೋದ ಚಳಿಗಾಲದಲ್ಲಿ ಕಂಬಳಿ ಕದ್ದನೆಂದು ದೆಮಿರನಿಗೆ ಚಾವಟಿಯಿಂದ ಬಾರಿಸಿದವನೇ ಗ್ರೊಜ್ದಾನ್.

"ಆ ಕಂಬಳಿ ನಾ ಕದ್ದಿರ್ಲಿಲ್ಲ" ಎಂದ ದೆಮಿರ್.

"ಈಗ್ಯಾಕ್ಲಾ ಅದು?"

"ಗುಂಡಿ ತೋಡ್ತಾ ಯಾರೂ ಸುಳ್ ಹೇಳಾಕಿಲ್ಲ."

ಗ್ರೊಜ್ದಾನ್ ಮಣ್ಣನ್ನೇ ನೋಡಿದ. "ಇರಬೋದು ಬಿಡು" ಎಂದ.

ನಾಲ್ಕು ಸಲಿಕೆ ಮಣ್ಣು ಎತ್ತಿಹಾಕಿ, ನಾಳೆ ಏನು ಹೇಳಬೇಕೆಂದಿದ್ದೀಯೆ, ಇವರಿಗೆ ಇಷ್ಟು ಭಯ ಯಾಕೆ ಎಂದು ದೆಮಿರ್ ಕೇಳಿದ.

"ಹಿಟ್ಟು ಎಲ್ಲೋಯ್ತು ಅಂತ. ಜೋಡಿನ ತೊಗಲು ಎಲ್ಲೋಯ್ತು ಅಂತ. ಗಾಡಿ ಹೊಡ್ದೋನು ನಾನೇ ಅಲ್ವಾ. ಜನರಲ್ಲನ ಭಾವಮೈದ ರೈಲ್ ಸ್ಟೇಷನ್ನಾಗೆ ನಿಂತ್ಕಂಡು ಸಾವ್ಕಾರ್ರಿಗೆ ಇಳಿಸ್ಕೊಟ್ಟ. ವಿಚಾರಣೇಲಿ ಬಾಯ್ ಬಿಟ್ಟೆ, ಮೇಜರ್ ಹಲ್ ಉದುರ್ಸಿದ."

ದೆಮಿರ್ ಗುಂಡಿಯನ್ನು ಸೊಂಟದ ಆಳಕ್ಕೆ ಇಳಿಸಿ ಮೇಲೆ ಬಂದ. ಆ ರಾತ್ರಿ ಅವನ ಕೈಗಳು ತಾವಾಗಿ ತೊಡೆಯ ಮೇಲೆ ತಾಳ ಹಾಕುತ್ತಲೇ ಇದ್ದವು.

ಬೆಳಿಗ್ಗೆ ದಂಡನ್ನೆಲ್ಲ ಮೂರು ಕಡೆಗೆ ಸಾಲು ನಿಲ್ಲಿಸಿದರು. ನಾಲ್ಕನೆಯ ಕಡೆ ಗುಂಡಿ, ಅದರ ಅಂಚಿನಲ್ಲಿ ಗ್ರೊಜ್ದಾನ್, ಎದುರಿಗೆ ಬಂದೂಕಿನವರು. ಪಾದ್ರಿ ಬೇಗಬೇಗ ಮಂತ್ರ ಹೇಳಿ ದೂರ ಸರಿದ. ಕುದುರೆಯ ಮೇಲಿದ್ದ ಜನರಲ್ ಕೈಗವಸು ಸರಿಪಡಿಸಿಕೊಂಡ. ಮೇಜರ್ ಸನ್ನೆ ಮಾಡಿದ.

ದೆಮಿರ್ ಬಾರಿಸಿದ. ಗುಡ್ಡ ಅದುರುವ ಹಾಗೆಯೇ ಬಾರಿಸಿದ. ಗ್ರೊಜ್ದಾನನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಕೊರಳ ನರ ಉಬ್ಬುತ್ತಿತ್ತು, ಒಂದಕ್ಷರ ಕೇಳಲಿಲ್ಲ. ಮುಂದಿನ ಸಾಲಿನವರು ಕತ್ತು ಚಾಚುವುದನ್ನು ದೆಮಿರ್ ಕಂಡ. ಆ ಬಾಯನ್ನು ಅಮುಕಿ ಹಿಡಿದಿದ್ದು ಮೇಜರನ ಕೈಯಲ್ಲ, ತನ್ನದು.

ಅವನು ಕೋಲು ಕೆಳಗಿಳಿಸಿದ.

"...ಮುವ್ವತ್ ಗಾಡಿ ಹಿಟ್ಟು ಕಣ್ರಪ್ಪಾ, ನಿಮ್ ಹಿಟ್ಟು, ಸ್ಟೇಷನ್ನಾಗೆ ಸಾವ್ಕಾರ್ರಿಗೆ..." ಗ್ರೊಜ್ದಾನನ ಒಡೆದ ದನಿ ಗುಡ್ಡದ ಮೇಲೆ ಹರಿಯಿತು.

"ಬಾರ್ಸೋ, ಜಿಪ್ಸಿ ನಾಯಿ" ಎಂದ ಮೇಜರ್.

ದೆಮಿರ್ ಕೊರಳಿನ ಪಟ್ಟಿ ತೆಗೆದು ಡೋಲನ್ನು ನೆಲದ ಮೇಲಿಟ್ಟ. ಅದರ ಮೇಲೆಯೇ ಕೂತ. ಮುಖವನ್ನು ಜನರಲ್ ಕಡೆಗೆ ಎತ್ತಿ, "ಅವನ ಮಾತ್ ಮುಗೀಲಿ, ಬುದ್ಧಿ" ಎಂದ.

ಮೇಜರ್ ಪಿಸ್ತೂಲು ತೆಗೆದು ಅವನ ಹಣೆಗೆ ಒತ್ತಿದ. ಗುಂಡು ಹಾರಿಸಲು ನಿಂತವರತ್ತ ತಿರುಗಿ ಹಾರಿಸಿ ಎಂದು ಕೂಗಿದ. ಬಂದೂಕುಗಳು ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ.

ಹಿಂದಿನ ಸಾಲಿನಿಂದ ಯಾರೋ, ಸಂತೆಯಲ್ಲಿ ಬೆಲೆ ಕೇಳುವಷ್ಟು ಸಾವಧಾನವಾಗಿ ಕೇಳಿದರು:

"ಯಾವ್ ಸ್ಟೇಷನ್ನಾಗೆ ಇಳಿಸ್ದೆ, ಗ್ರೊಜ್ದಾನಣ್ಣ?"

ಗ್ರೊಜ್ದಾನ್ ಹೇಳತೊಡಗಿದ. ಜನರಲ್ಲನ ಕುದುರೆ ಹಿಂದಕ್ಕೆ ಹೆಜ್ಜೆ ಇಟ್ಟಿತು. ಪಿಸ್ತೂಲನ್ನು ಎತ್ತ ಹಿಡಿಯಬೇಕೆಂದು ತಿಳಿಯದೆ ಮೇಜರನ ಕೈ ಆ ಸಾಲಿನಿಂದ ಈ ಸಾಲಿಗೆ ಓಲಾಡಿತು.