ಹಚ್ಚಲು ಕೊಟ್ಟ ಲೋಳೆಸರ

ಶಾಂತಪ್ಪನ ಮುಂಗೈ ಮೇಲೆ ಬಿಸಿ ಚಹಾ ಚೆಲ್ಲಿದ್ದು ಲಿಂಗಂಪಲ್ಲಿಯಲ್ಲಿ, ಹೆಂಡತಿಯ ಅಕ್ಕ ಬಸಲಿಂಗಮ್ಮನ ಮನೆಯಲ್ಲಿ. ಬಸಲಿಂಗಮ್ಮ ಶಾಲೆಯ ಕೆಲಸದಿಂದ ನಿವೃತ್ತಳಾದ ವಿಧವೆ. ಅವಳು ಅವನ ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿ, ತಣ್ಣೀರು ಬಿಟ್ಟು, ಹಿತ್ತಲಿನಿಂದ ಒಂದು ಲೋಳೆಸರದ ಎಲೆ ಕೊಯ್ದು ತಂದಳು. ಎಲೆಯನ್ನು ಬಟ್ಟಲಲ್ಲಿ ನೆಟ್ಟಗೆ ನಿಲ್ಲಿಸಿದಳು. ಕೊಯ್ದ ಕಡೆಯಿಂದ ಹಳದಿ ನೀರು ಜಿನುಗತೊಡಗಿತು.

"ಲಗೂ ಹಚ್ಚ್ರಿ ಅಕ್ಕಾರ, ಉರಿಯಾಕತ್ತೈತಿ" ಎಂದ ಶಾಂತಪ್ಪ.

"ತಡೀರಿ. ಈ ಹಳದಿ ಹೋಗಬೇಕು. ಇದು ಹತ್ತಿದ್ರ ಮೈ ತುರಸ್ತೈತಿ."

ಹಳದಿ ಇಳಿದ ಮೇಲೆ ಎಲೆ ತೊಳೆದು, ಸಿಪ್ಪೆ ಸುಲಿದು, ಒಳಗಿನ ತಿಳಿಯಾದ ಲೋಳೆಯನ್ನಷ್ಟೇ ಹಚ್ಚಿದಳು. ಚರ್ಮ ಕೆಂಪಾಗಿತ್ತು ಅಷ್ಟೆ, ಗುಳ್ಳೆ ಎದ್ದಿರಲಿಲ್ಲ. ಕಲೆ ಕೂಡ ಉಳಿಯದೆ ವಾಸಿಯಾಯಿತು. ಮುಂದಿನ ಸಲ ಬಂದಾಗ ಶಾಂತಪ್ಪ ಗಿಡದ ಮರಿಯೊಂದನ್ನು ಕೇಳಿ ಇಸಿದುಕೊಂಡು ಹೋದ.

ಕೋಠಿಯಲ್ಲಿ ಅವನದು ಸೀರೆಯ ಅಂಗಡಿ, ಬೇಗಂಪೇಟೆಯಲ್ಲಿ ಮನೆ. ಹೃದಯದ ಕಾಯಿಲೆಗೆ ಕೆಲವು ವರ್ಷಗಳಿಂದ ಗುಳಿಗೆ ನುಂಗುತ್ತಿದ್ದ. ಮಲಬದ್ಧತೆಯ ತೊಂದರೆಯೂ ಇತ್ತು. ಬೆಳಿಗ್ಗೆ ಬರಿ ಹೊಟ್ಟೆಗೆ ಕಲಬಂದ ರಸ ಕುಡಿದರೆ ಹೊಟ್ಟೆ ತೊಳೆದಂತಾಗುತ್ತದೆ ಎಂದು ಅಂಗಡಿಗೆ ಬರುವ ಗಿರಾಕಿಯೊಬ್ಬ ಹೇಳಿದ್ದ. ತೆಲುಗರು ಕಲಬಂದ ಎನ್ನುವುದು ಲೋಳೆಸರಕ್ಕೇ. ತಂದ ಮರಿ ಇನ್ನೂ ಚಿಕ್ಕದಿದ್ದುದರಿಂದ ಮಾರ್ಕೆಟ್ಟಿನಿಂದ ದಪ್ಪ ಎಲೆಗಳನ್ನು ತರಿಸಿ, ಸಿಪ್ಪೆ ಹಳದಿ ಎನ್ನದೆ ಇಡಿಯಾಗಿ ರುಬ್ಬಿ ಕೊಡುವಂತೆ ಹೆಂಡತಿ ಶಿವದೇವಿಗೆ ಹೇಳಿದ. ಹೊಟ್ಟೆ ಸಡಿಲಾಯಿತು. ಶಾಂತಪ್ಪನಿಗೆ ಖುಷಿಯಾಯಿತು.

ಒಂದು ಭಾನುವಾರ ಬಸಲಿಂಗಮ್ಮ ತಂಗಿಯ ಮನೆಗೆ ಬಂದಾಗ ಅವನ ಕೈಯಲ್ಲಿ ಆ ಲೋಟ ಕಂಡಳು.

"ಇದನ್ನ ಕುಡಿಯಾಕತ್ತೀರೇನ್ರಿ? ನಾ ಹಚ್ಚಾಕ ಕೊಟ್ಟಿದ್ದು. ಆ ಹಳದಿ ನೀರು ಭಾಳ ಖರಾಬ್, ಕರುಳು ಹಿಂಡತೈತಿ. ಅದರಾಗ ನಿಮ್ದು ಹಾರ್ಟಿನ ಗುಳಿಗಿ ಬ್ಯಾರೆ. ಡಾಕ್ಟರಿಗೆ ಒಂದು ಮಾತು ಕೇಳ್ರಿ."

ಶಾಂತಪ್ಪ ನಕ್ಕ. "ಗಿಡ ಏನ್ ಮಾಡ್ತೈತ್ರಿ ಅಕ್ಕಾರ? ಮಾಡಿದ್ರ ಆ ಗುಳಿಗೀನ ಮಾಡಬೇಕು."

ಅವಳು ಅಡಿಗೆಮನೆಗೆ ಹೋಗಿ ತಂಗಿಗೂ ಹೇಳಿದಳು. "ರುಬ್ಬಿ ಕೊಡಬ್ಯಾಡ ಶಿವೂ."

"ನಾ ಕೊಡದಿದ್ರ ಸಿಟ್ಟಾಗ್ತಾರಕ್ಕ. ಅವ್ರು ಯಾರ ಮಾತು ಕೇಳ್ಯಾರ?" ಎಂದಳು ಶಿವದೇವಿ, ಮಿಕ್ಸಿ ತೊಳೆಯುತ್ತ.

ಮುಂದೆ ಶಾಂತಪ್ಪನಿಗೆ ಭೇದಿ ನಿಲ್ಲಲೇ ಇಲ್ಲ. ಹೊಲಸೆಲ್ಲ ಹೋಗುತ್ತಿದೆ ಎಂದುಕೊಂಡ. ಮೀನಖಂಡ ಹಿಡಿಯತೊಡಗಿತು, ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತಿತ್ತು. ನಿಶ್ಶಕ್ತಿಗೆ ಒಳ್ಳೆಯದೆಂದು ಸಂಜೆಗೂ ಒಂದು ಲೋಟ ಶುರು ಮಾಡಿದ. ಶಿವದೇವಿ ರುಬ್ಬಿ ಕೊಟ್ಟಳು. ಒಂದು ಮಧ್ಯಾಹ್ನ ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದವನು ಹಾಗೇ ಗಾದಿಯ ಮೇಲೆ ಕುಸಿದ. ಆಸ್ಪತ್ರೆಗೆ ಸೇರಿಸಿದರೂ ಮರುದಿನ ಬೆಳಿಗ್ಗೆ ತೀರಿಕೊಂಡ.

ಡಾಕ್ಟರು ಮಗ ಮಲ್ಲಣ್ಣನನ್ನು ಕೂಡಿಸಿಕೊಂಡು ತಿಳಿಸಿ ಹೇಳಿದರು. ಲೋಳೆಸರದ ರಸ ತಂದ ಭೇದಿಯಿಂದ ರಕ್ತದಲ್ಲಿನ ಪೊಟ್ಯಾಸಿಯಂ ಇಳಿದಿತ್ತು, ಮೊದಲೇ ದುರ್ಬಲವಾದ ಹೃದಯ, ಮೇಲೆ ಆ ಗುಳಿಗೆಗಳು, ಬಡಿತ ತಪ್ಪಿತು. ಆ ರಸವೊಂದರಿಂದಲೇ ಸತ್ತರು ಎಂದು ಹೇಳಲಾರೆ, ಆದರೆ ಅವರು ಅದನ್ನು ಕುಡಿಯಬಾರದಿತ್ತು ಎಂದರು.

ಮಲ್ಲಣ್ಣ ತಾಯಿಯ ಕಡೆ ತಿರುಗಿದ. "ಯಾರು ಹೇಳಿದ್ರವ್ವಾ ಇದನ್ನ ಕುಡೀರಿ ಅಂತ?"

ಶಿವದೇವಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ನಿಮ್ಮ ದೊಡ್ಡವ್ವ ಕೊಟ್ಟ ಗಿಡ" ಎಂದಳು. ಮಿಕ್ಕದ್ದನ್ನು ಹೇಳಲಿಲ್ಲ.

ಶಾಂತಪ್ಪನ ಹೆಸರಿನ ಶಿವಗಣಾರಾಧನೆಯ ದಿನ ಬಸಲಿಂಗಮ್ಮ ಬಂದಾಗ ಯಾರೂ ಬಾ ಎನ್ನಲಿಲ್ಲ. ಶಾಂತಪ್ಪನ ತಂಗಿ ಅಂಬವ್ವ ನೆರೆದ ಜನರ ನಡುವೆ ಎದ್ದು ನಿಂತಳು.

"ನಮ್ಮಣ್ಣಗ ಇಷಾ ಕೊಟ್ಟು ಈಗ ಪ್ರಸಾದಕ್ಕ ಬಂದೀಯೇನು? ನಿನ್ನ ಗಂಡಂತೂ ಹೋದ, ತಂಗೀ ಗಂಡನೂ ಹೋಗ್ಲಿ ಅಂತ ಮಾಡಿದೇನು?"

ಬಸಲಿಂಗಮ್ಮ ತಂಗಿಯತ್ತ ನೋಡಿದಳು. ಒಂದು ಮಾತು ಸಾಕಿತ್ತು. ಶಿವದೇವಿ ತಲೆ ಎತ್ತಲಿಲ್ಲ.

ಆಮೇಲೆ ಅಡಿಗೆಮನೆಯಲ್ಲಿ ಇಬ್ಬರೇ ಸಿಕ್ಕಾಗ ಬಸಲಿಂಗಮ್ಮ ಕೇಳಿದಳು: "ಶಿವೂ, ನಾ ಬ್ಯಾಡ ಅಂದಿದ್ದು ನೀ ಕೇಳಿಲ್ಲೇನು?"

"ಕೇಳೀನಕ್ಕ."

"ಮತ್ತ ಅಲ್ಲೆ ಯಾಕ ಸುಮ್ನ ಕುಂತಿ?"

"ಏನಂತ ಹೇಳ್ಲಿ? ದಿನಾ ರುಬ್ಬಿ ಕೊಟ್ಟಾಕಿ ನಾನು. ನೀ ಬ್ಯಾಡ ಅಂದಿದ್ದು ತಿಳಿದ್ರ, ಗೊತ್ತಿದ್ದೂ ಕೊಟ್ಟೀಯವ್ವಾ ಅಂತಾನ ಮಲ್ಲಣ್ಣ. ನಾ ಅವನ ಕೂಡ ಬಾಳಬೇಕು. ನಿನಗ ನಿನ್ನ ಮನಿ ಐತಿ." ಶಿವದೇವಿ ಅಕ್ಕನ ಕೈ ಹಿಡಿದುಕೊಂಡಳು. "ನೀನ ಹೊತ್ಕೊ ಅಕ್ಕ. ನನ್ನ ಸಲುವಾಗಿ."

ಬಸಲಿಂಗಮ್ಮ ಕೈ ಬಿಡಿಸಿಕೊಂಡಳು. ಊಟಕ್ಕೆ ಕೂಡದೆ ಸ್ಟೇಶನ್ನಿಗೆ ನಡೆದುಹೋಗಿ ಲೋಕಲ್ ರೈಲು ಹತ್ತಿದಳು. ತಂಗಿಯ ಮಾತನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ಮನೆಯಲ್ಲಿ ತಾಯಿ ಮಗನ ನಡುವೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಆದರೆ ತಂಗಿಯ ಫೋನು ಬಂದರೆ ಎತ್ತುವುದನ್ನು ನಿಲ್ಲಿಸಿದಳು.

ಎರಡು ವರ್ಷದ ಮೇಲೆ ಮಲ್ಲಣ್ಣನ ಮದುವೆಯಾಯಿತು. ಬಸಲಿಂಗಮ್ಮನಿಗೆ ಆಮಂತ್ರಣ ಬರಲಿಲ್ಲ. ಮದುವೆ ಮುಗಿದ ವಾರ ಶಿವದೇವಿ ಒಬ್ಬಳೇ ಲಿಂಗಂಪಲ್ಲಿಗೆ ಬಂದಳು, ಚೀಲದಲ್ಲಿ ಇಳಕಲ್ ಸೀರೆ, ಬುಂದಿ ಉಂಡೆ. ಬಸಲಿಂಗಮ್ಮ ಕೂಡಲು ಹೇಳಿ ನೀರು ಕೊಟ್ಟಳು.

"ಮಲ್ಲಣ್ಣಗ ಹೇಳೀಯೇನು?"

"ಇಲ್ಲಕ್ಕ. ಈಗ ಸೊಸಿ ಬಂದಾಳ. ಇನ್ನ ಹ್ಯಾಂಗ ಹೇಳ್ಲಿ?"

"ನೀರು ಕುಡಿ" ಎಂದಳು ಬಸಲಿಂಗಮ್ಮ.

ಶಿವದೇವಿ ಕುಡಿದಳು. ಸೀರೆ ಹೊರತೆಗೆದು ಅಕ್ಕನ ಮುಂದೆ ಹಿಡಿದಳು. ಬಸಲಿಂಗಮ್ಮ ಕೈ ಚಾಚಲಿಲ್ಲ. ಶಿವದೇವಿ ಅದನ್ನು ಮಡಿಕೆ ಕೆಡದಂತೆ ಮತ್ತೆ ಚೀಲಕ್ಕೆ ಹಾಕಿಕೊಂಡಳು. ಗೇಟಿನವರೆಗೆ ಹೋಗಿ ತಿರುಗಿ ನೋಡಿದಾಗ ಅಕ್ಕ ಬಾಗಿಲಲ್ಲಿ ಇರಲಿಲ್ಲ.